ಭಾಮೈದನ ಅಂಗಿಯ ಕಲೆ

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ನಮ್ಮೂರಿನಲ್ಲಿ ಒಂದು ಕೊಲೆ ಆಯಿತು. ಕೊಂದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ನಮಗೆ ಭಾನುವಾರದ ಮಧ್ಯಾಹ್ನಗಳು ಕಳೆಯುತ್ತವೆ. ನನ್ನದು ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ, ಕಾಗದ ಕತ್ತರಿಸುವ ಯಂತ್ರಕ್ಕೂ ಅಂಟಿನ ಡಬ್ಬಗಳಿಗೂ ನಡುವೆ ಮೂರು ಸ್ಟೂಲ್ ಹಾಕಿಕೊಂಡು, ಹನ್ನೊಂದು ವರ್ಷದಿಂದ ನಾವು ಮೂವರು ಆ ಕೊಲೆಗಾರನನ್ನು ಹುಡುಕುತ್ತಿದ್ದೇವೆ. ಉದ್ಯೋಗವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ ಎನ್ನುತ್ತಾಳೆ ನನ್ನ ಹೆಂಡತಿ. ಅವಳ ಮಾತಿನಲ್ಲಿ ತಪ್ಪೇನೂ ಇಲ್ಲ.

ಮೂವರಲ್ಲಿ ಒಬ್ಬ ನಾನು. ಇನ್ನೊಬ್ಬ ಮಾತ್ರೆ ಮಾವ. ನಲವತ್ತು ವರ್ಷ ಔಷಧಿ ಅಂಗಡಿ ನಡೆಸಿ ಈಗ ಮನೆಯಲ್ಲಿ ಕೂತಿದ್ದಾನೆ, ಊರಿಗೆಲ್ಲ ಮಾವ. ತನಗೆ ಗೊತ್ತಿಲ್ಲದ್ದು ಜಗತ್ತಿನಲ್ಲಿ ಇಲ್ಲ ಎಂದುಕೊಂಡಿರುವ ಪ್ರಾಣಿ. ಮೂರನೆಯವಳು ಲಾಂಡ್ರಿ ಅಕ್ಕ. ಎರಡು ಬೀದಿ ಆಚೆ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಅವಳದು. ನನಗಿಂತ ಆರು ವರ್ಷ ಚಿಕ್ಕವಳು, ಆದರೆ ಇಸ್ತ್ರಿಪೆಟ್ಟಿಗೆ ಹಿಡಿದ ಆ ಕೈ ನೋಡಿದರೆ ತಂಗಿ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಅಕ್ಕ ನಮ್ಮ ಜೊತೆ ಕೂರುವುದು ಕಾಲ ಕಳೆಯಲು ಅಲ್ಲ. ಆ ಕೊಲೆಯ ಇಬ್ಬರು ಶಂಕಿತರಲ್ಲಿ ಒಬ್ಬಳು ಅವಳ ಅಜ್ಜಿಯ ಅಜ್ಜಿ. ಸತ್ತವನು ಗಡಿಯಾರಗಳ ಸಾಹುಕಾರ. ಒಂದು ಭಾನುವಾರ ಸಂಜೆ ಮಹಡಿಯ ಕೋಣೆಯಲ್ಲಿ ಯಾರೋ ಅವನ ತಲೆಗೆ ಗೋಡೆ ಗಡಿಯಾರಕ್ಕೆ ತೂಗುಬಿಡುವ ಸೀಸದ ಗುಂಡಿನಿಂದ ಹೊಡೆದು ಕೊಂದಿದ್ದರು. ಬಾಗಿಲು ಒಡೆದಿರಲಿಲ್ಲ. ಹಿತ್ತಿಲ ಬಾಗಿಲಿನ ಬೀಗದ ಕೈ ಇದ್ದದ್ದು ಆ ಮನೆಯ ಬಟ್ಟೆ ಒಗೆಯುತ್ತಿದ್ದ ಹೆಂಗಸಿನ ಹತ್ತಿರ. ಅವಳೇ ಅಕ್ಕನ ಹಿರಿಯಜ್ಜಿ. ಮನೆಯೊಳಗೇ ಇದ್ದವನು ಸಾಹುಕಾರನ ಭಾಮೈದ. ಭಾವನಿಗೂ ಅವನಿಗೂ ಎಣ್ಣೆ ಸೀಗೇಕಾಯಿ.

ಪೊಲೀಸರು ಮೊದಲು ಹಿಡಿದದ್ದು ಹಿರಿಯಜ್ಜಿಯನ್ನೇ. ಆದರೆ ಸೋಮವಾರ ಬೆಳಿಗ್ಗೆ ಮೈಲಿಗೆ ಬಟ್ಟೆಯ ಬುಟ್ಟಿಯಲ್ಲಿ ಭಾಮೈದನ ಬಿಳಿ ಅಂಗಿ ಸಿಕ್ಕಿತು. ಎದೆಯ ಮೇಲೆ ಅಂಗೈ ಅಗಲದ ಕಂದು ಕಲೆ. ಭಾಮೈದ ಹೇಳಿದ: “ಗುರುವಾರ ನನಗೆ ಮೂಗಿನಿಂದ ರಕ್ತ ಬಂತು. ಅಂಗಿಯನ್ನು ಒಗೆಯಲು ಹಾಕಿದೆ. ಶನಿವಾರ ಕಲೆಯ ಸಮೇತ ವಾಪಸ್ಸು ಬಂತು. ತೊಡಲಾಗದೆ ಮತ್ತೆ ಬುಟ್ಟಿಗೆ ಎಸೆದೆ.” ಹಿರಿಯಜ್ಜಿ ಹೇಳಿದಳು: “ಶನಿವಾರ ನಾನು ಕೊಟ್ಟಾಗ ಅಂಗಿ ಹಾಲಿನಷ್ಟು ಬೆಳ್ಳಗಿತ್ತು.” ಇಷ್ಟೇ ಕೇಸು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ನ್ಯಾಯಾಧೀಶರು ಪುರಾವೆ ಸಾಲದೆಂದು ಇಬ್ಬರನ್ನೂ ಬಿಟ್ಟುಬಿಟ್ಟರು. ಊರು ಮಾತ್ರ ಬಿಡಲಿಲ್ಲ. ಭಾಮೈದನಿಗೆ ಗೊತ್ತಾಗಿದ್ದ ಹೆಣ್ಣು ಕೈತಪ್ಪಿತು, ಕೆಲಸ ಹೋಯಿತು. ಹನ್ನೆರಡು ವರ್ಷ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಬದುಕಿ ಒಬ್ಬನೇ ಸತ್ತ. ಹಿರಿಯಜ್ಜಿಗೆ ಮಕ್ಕಳಿದ್ದರು. ಹಾಗಾಗಿ ಅವಳ ಪಾಲಿನ ಮಾತು ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂತು. ಇವತ್ತಿಗೂ ಗಿರಾಕಿಗಳು ಅಂಗಿ ಕೊಡುವಾಗ, “ಅಕ್ಕಾ, ನಾವು ಅದರೊಳಗೆ ಇಲ್ಲ, ಮೆತ್ತಗೆ ಹೊಡೀರಿ” ಎಂದು ಹಲ್ಲು ಕಿಸಿಯುತ್ತಾರೆ. ಅಕ್ಕ ನಗುತ್ತಾಳೆ. ಮೂವತ್ತು ವರ್ಷದಿಂದ ಅದೇ ಹಾಸ್ಯಕ್ಕೆ ನಗುವುದು ಎಂಥ ಶಿಕ್ಷೆ ಎಂದು ಆ ಮುಟ್ಠಾಳರಿಗೆ ಹೊಳೆಯುವುದಿಲ್ಲ.

ಈ ವರ್ಷ ಊರಿನ ಮ್ಯೂಸಿಯಮ್ಮಿನವರು ಆ ಕೊಲೆಗೆಂದು ಒಂದು ಕೋಣೆ ಮಾಡಲು ಹೊರಟರು. ಅಲ್ಲಿಯ ಮೇಡಂ ಒಂದು ಭಾನುವಾರ ನನ್ನ ಅಂಗಡಿಗೆ ಬಂದು, ಗೋಡೆಯ ಮೇಲೆ ಹಾಕುವ ಫಲಕದ ಬರಹ ತೋರಿಸಿದರು. ಎಲ್ಲ ಬರೆದಾಗಿತ್ತು, ಕೊನೆಯ ಸಾಲು ಮಾತ್ರ ಖಾಲಿ.

“ಈ ಕೇಸಿನ ವಿಚಾರಣೆ ವರದಿಯನ್ನ ನಿಮ್ಮಷ್ಟು ಓದಿದವರು ಯಾರೂ ಇಲ್ಲ. ಹೆಚ್ಚಿನ ಅನುಮಾನ ಯಾರ ಮೇಲೆ ಅಂತ ನೀವು ಮೂವರೂ ಒಪ್ಪಿ ಒಂದು ಸಾಲು ಕೊಡಿ. ಅದನ್ನೇ ಹಾಕಿಸ್ತೀನಿ” ಎಂದರು.

ಅಕ್ಕ ಆ ಖಾಲಿ ಜಾಗವನ್ನೇ ನೋಡುತ್ತ ಕೂತಳು. ಶಾಲೆಯ ಮಕ್ಕಳು ಸಾಲಾಗಿ ನಿಂತು ಓದುವ ಫಲಕ. ಅಲ್ಲಿ ಏನು ಬರೆದಿರುತ್ತದೋ ಅದೇ ಇನ್ನು ಊರಿನ ಸತ್ಯ.

ಮೇಡಂ ಅತ್ತ ಹೋದದ್ದೇ ತಡ, ಮಾವ ಶುರುಮಾಡಿದ. “ನೋಡಮ್ಮ, ಬೇಜಾರು ಮಾಡ್ಕೋಬೇಡ. ಬೀಗದ ಕೈ ಯಾರ ಹತ್ರ ಇತ್ತು? ನಿಮ್ಮಜ್ಜಿ ಹತ್ರ.”

“ಬೀಗದ ಕೈ ಇದ್ದೋರೆಲ್ಲ ಕೊಲೆ ಮಾಡೋದಾದ್ರೆ ನಿನ್ನ ಅಂಗಡೀಲಿ ವಿಷದ ಬೀರು ಇತ್ತಲ್ಲ ಮಾವ, ಎಷ್ಟು ಜನಾನ ಕಳಿಸಿದೆ?” ಎಂದೆ ನಾನು.

“ಲೋ ರಟ್ಟು, ನಿನ್ನ ಕೇಳಿದ್ನಾ? ಶನಿವಾರ ಅಂಗಿ ಬೆಳ್ಳಗಿತ್ತು ಅನ್ನೋದಕ್ಕೆ ಅವಳ ಮಾತೊಂದೇ ತಾನೆ ಸಾಕ್ಷಿ?”

ಅಕ್ಕ ಸ್ಟೂಲಿನಿಂದ ಎದ್ದೇಬಿಟ್ಟಳು. “ಅವಳ ಮಾತಲ್ಲ ಮಾವ, ಅವಳ ಕೈ ಸಾಕ್ಷಿ. ವರದೀಲಿ ಆರು ಮನೆಯೋರು ಹೇಳಿದಾರೆ, ಈಕೆ ಕೈಗೆ ಹೋದ ಬಟ್ಟೇಲಿ ಕಲೆ ಉಳಿದದ್ದು ನಾವು ಕಂಡಿಲ್ಲ ಅಂತ. ಗುರುವಾರದ ರಕ್ತ ಶನಿವಾರದವರೆಗೆ ಉಳಿಯುತ್ತಾ? ತಣ್ಣೀರಲ್ಲಿ ನೆನೆಹಾಕಿದ್ರೆ ಒಂದು ಗಂಟೆ ಕೆಲಸ! ಕಲೆ ಸಮೇತ ಅಂಗಿ ವಾಪಸ್ಸು ಕೊಟ್ಟಳಂತೆ. ನಮ್ಮ ಮನೇಲಿ ಹುಟ್ಟಿದ ಮಗೂನೂ ಹಾಗೆ ಕೊಡಲ್ಲ.”

ಇದೇ ನಮ್ಮ ವಾದದ ಬುಡ. ನಾನು ಹನ್ನೊಂದು ವರ್ಷದಿಂದ ಅದರ ಮೇಲೆ ನಿಂತಿದ್ದೆ. ಅಷ್ಟು ಒಳ್ಳೆಯ ಕೆಲಸಗಾರ್ತಿ ಕಲೆ ಉಳಿಸುವುದಿಲ್ಲ, ಆದ್ದರಿಂದ ಕಲೆ ಆಮೇಲೆ ಬಂದದ್ದು, ಆದ್ದರಿಂದ ಭಾಮೈದನೇ ಕೊಂದದ್ದು. ಮಾವ ಇನ್ನೂ ಎರಡು ವಾರ ಜಗ್ಗಾಡಿದ, ಕಡೆಗೆ ಅಕ್ಕನ ಮುಖ ನೋಡಿ ಸೋತ.

“ಆಯ್ತು ಬಿಡ್ರಪ್ಪ, ಭಾಮೈದ ಅಂತಲೇ ಬರೀರಿ. ಅವನಿಗೆ ಹಿಂದಿಲ್ಲ, ಮುಂದಿಲ್ಲ. ಕೇಳೋಕೆ ಯಾರು ಬರ್ತಾರೆ?” ಎಂದ.

ನಾನು ಕಾಗದದ ಮೇಲೆ ಬರೆದೆ: ‘ಲಭ್ಯ ಪುರಾವೆಗಳ ಪ್ರಕಾರ ಹೆಚ್ಚಿನ ಅನುಮಾನ ಭಾಮೈದನ ಮೇಲೆ.’ ಮೂವರೂ ರುಜು ಹಾಕಿದೆವು. ಅಕ್ಕ ತನ್ನ ರುಜು ಒಣಗುವವರೆಗೆ ಊದಿದಳು. ಅವತ್ತು ಅವಳು ಖುಷಿಯಾಗಿದ್ದಳು, ನಾನೂ ಖುಷಿಯಾಗಿದ್ದೆ.

ಮರುದಿನ ಆ ಕಾಗದ ಕೊಡಲು ಮ್ಯೂಸಿಯಮ್ಮಿಗೆ ಹೋದೆವು. ಮೇಡಂ ನಮ್ಮನ್ನು ಒಳಗಿನ ಕೆಲಸದ ಕೋಣೆಗೆ ಕರೆದುಕೊಂಡು ಹೋದರು. ಉದ್ದನೆಯ ಮೇಜು, ಮೇಲೆ ಬಿಳಿ ಬಟ್ಟೆ, ತಲೆಯ ಮೇಲೆ ಬಗ್ಗಿಸಿದ ದೀಪ. ಮೇಜಿನ ಮೇಲೆ ತಗಡಿನ ಪೆಟ್ಟಿಗೆಯೊಂದು ತೆರೆದಿತ್ತು.

“ಕೋರ್ಟಿನ ಉಗ್ರಾಣದಲ್ಲಿ ಹೋದ ವಾರ ಸಿಕ್ತು. ಅದೇ ಅಂಗಿ. ಮೊಹರು ಕೂಡ ಒಡೆದಿರಲಿಲ್ಲ” ಎಂದರು ಮೇಡಂ.

ಇಷ್ಟು ವರ್ಷ ಓದಿದ ಅಂಗಿ ಕಣ್ಣೆದುರು. ಬಿಳಿ ಹೋಗಿ ಹಳದಿಯಾಗಿತ್ತು. ಎದೆಯ ಮೇಲೆ ಚಹಾ ಚೆಲ್ಲಿದಂಥ ಕಲೆ. ಮಾವ ಕನ್ನಡಕ ಏರಿಸಿಕೊಂಡು ರಕ್ತದ ಪರೀಕ್ಷೆಯ ಬಗ್ಗೆ ಭಾಷಣ ಶುರುಮಾಡಿದ. ಯಾರೂ ಕೇಳಲಿಲ್ಲ. ಅಕ್ಕ ಮೇಡಂ ಕೊಟ್ಟ ಕೈಗವಸು ಹಾಕಿಕೊಂಡು, “ಮುಟ್ಟಲಾ?” ಎಂದು ಕೇಳಿದಳು.

ಅವಳು ಮೊದಲು ನೋಡಿದ್ದು ಕಲೆಯನ್ನಲ್ಲ, ತೋಳನ್ನು. ಮೊಣಕೈ ಮಡಚುವ ಜಾಗದಲ್ಲಿ ಬೆರಳು ಇಟ್ಟು ಬೆಳಕಿಗೆ ಓರೆ ಮಾಡಿದಳು. ಇನ್ನೊಂದು ತೋಳನ್ನೂ ಹಾಗೆಯೇ ನೋಡಿದಳು. ಕತ್ತುಪಟ್ಟಿಯ ಒಳಭಾಗ ನೋಡಿದಳು. ಆಮೇಲೆ ಎದೆಯ ಬಟ್ಟೆಯನ್ನು ಮೆಲ್ಲಗೆ ಮಗುಚಿ, ಕಲೆಯ ಹಿಂಬದಿಯನ್ನು ದೀಪದ ಕೆಳಗೆ ಹಿಡಿದಳು. ಅಲ್ಲಿಗೆ ಅವಳ ಕೈ ನಿಂತಿತು.

“ಏನಕ್ಕ?” ಎಂದೆ.

ಮಾವ ಭಾಷಣ ನಿಲ್ಲಿಸಿದ. ಅಕ್ಕ ಅಂಗಿಯನ್ನು ಮೇಜಿನ ಮೇಲೆ ಇಟ್ಟು, ಕೈಗವಸನ್ನು ಒಂದೊಂದೇ ಬೆರಳು ಎಳೆದು ತೆಗೆದಳು.

“ಅಣ್ಣ, ಆ ಕಾಗದ ಕೊಡು” ಎಂದಳು. ಕೊಟ್ಟೆ. ಅವಳು ಅದನ್ನು ನಾಲ್ಕಾಗಿ ಹರಿದಳು.

“ಇದೇನೇ ನಿನಗೆ ಬಂದದ್ದು!” ಎಂದ ಮಾವ.

“ಮಾವ, ಇಸ್ತ್ರಿ ಮಾಡಿದ ಅಂಗೀನ ಹತ್ತು ನಿಮಿಷ ತೊಟ್ಟರೂ ಮೊಣಕೈ ಒಳಗೆ ಗಂಜಿ ಮುರಿದು ಗೆರೆ ಬೀಳುತ್ತೆ. ಇದರಲ್ಲಿ ಒಂದು ಗೆರೆ ಇಲ್ಲ. ಕತ್ತಲ್ಲಿ ಬೆವರಿಲ್ಲ. ಇಸ್ತ್ರಿ ಆದಮೇಲೆ ಈ ಅಂಗೀನ ಯಾರೂ ತೊಟ್ಟೇ ಇಲ್ಲ.”

ಅವಳು ಲೆಕ್ಕದ ಪಾಠ ಹೇಳುವ ದನಿಯಲ್ಲಿ ಮುಂದುವರಿಸಿದಳು.

“ರಕ್ತ ಗಂಜಿಯ ಮೇಲೆ ಬಿದ್ದಿದ್ರೆ ಹೆಪ್ಪುಗಟ್ಟಿ ಮೇಲೇ ನಿಲ್ಲುತ್ತೆ, ಉಗುರಿಗೆ ಸಿಗುತ್ತೆ. ಇಲ್ಲಿ ಕಲೆ ಕೆಳಗಿದೆ, ಗಂಜಿ ಮೇಲಿದೆ. ಹಿಂಬದಿ ನೋಡಿ, ಎಳೆ ಸವೆದು ಜಾಳಾಗಿದೆ. ಒಳಮೈಯಿಂದ ಉಜ್ಜಿದಾರೆ. ಮನೆಮಂದಿ ಮೇಲಿಂದ ಉಜ್ತಾರೆ, ಕಲೆ ಇನ್ನೂ ಒಳಗೆ ಹೋಗುತ್ತೆ. ಒಳಗಿಂದ ಉಜ್ಜೋದು ನಾವು, ಕಸುಬಿನೋರು. ಅಷ್ಟು ಉಜ್ಜಿದ್ರೂ ಹೋಗಿಲ್ಲ. ಯಾಕೆ? ಯಾಕಂದ್ರೆ ಮೊದಲೇ ಬಿಸಿನೀರಿಗೆ ಹಾಕಿಬಿಟ್ಟಿದಾಳೆ. ರಕ್ತ ಬಿಸಿನೀರು ಕಂಡರೆ ಬೆಂದು ಕೂತ್ಕೊಳ್ಳುತ್ತೆ, ಆಮೇಲೆ ದೇವರು ಬಂದ್ರೂ ಏಳಲ್ಲ. ಆವತ್ತು ಗುಡ್ಡೆ ಬಟ್ಟೆ ಇತ್ತೇನೋ, ನೋಡದೆ ಹಂಡೆಗೆ ಹಾಕಿದಾಳೆ. ನಾನೂ ಒಂದು ಸಲ ಹಾಕಿದೀನಿ. ಆಮೇಲೆ ಕಲೆ ಮುಚ್ಚೋಕೆ ಎದೆಗೆ ಮಾತ್ರ ಗಂಜಿ ದಪ್ಪಗೆ ಬಳಿದು, ಹಾಗೇ ಕೊಟ್ಟಿದಾಳೆ.”

“ಭಾನುವಾರ ರಾತ್ರಿ ಒಗೆದಿರಬಾರದಾ?” ಎಂದರು ಮೇಡಂ.

“ಸೋಮವಾರ ಸೂರ್ಯ ಹುಟ್ಟೋಕೆ ಮುಂಚೆ ಪೊಲೀಸರು ಬುಟ್ಟಿ ಎತ್ತಿದಾರೆ. ಒಗೆದು, ಗಂಜಿ ಹಾಕಿ, ಒಣಗಿಸಿ, ಇಸ್ತ್ರಿ ಮಾಡೋದಕ್ಕೆ ಬಿಸಿಲು ಎಲ್ಲಿತ್ತು? ಭಾಮೈದ ಹೇಳಿದ್ದು ಅಕ್ಷರ ಅಕ್ಷರ ನಿಜ. ಸುಳ್ಳು ಹೇಳಿದ್ದು ನಮ್ಮಜ್ಜಿ.”

ಆಗ ನಡೆದದ್ದು ನೋಡಿ. ಹನ್ನೊಂದು ವರ್ಷ ಹಿರಿಯಜ್ಜಿಯನ್ನು ಕೊಲೆಗಾರ್ತಿ ಎಂದು ಸಾಧಿಸಿದ್ದ ಮಾವ ಒಮ್ಮೆಗೇ ಅವಳ ವಕೀಲನಾದ.

“ಅಯ್ಯೋ, ಒಂದು ಕಲೆ ಬಗ್ಗೆ ಸುಳ್ಳು ಹೇಳಿದ್ರೆ ಕೊಲೆ ಮಾಡ್ದಂಗಾ? ಆರು ಮನೆ ಕೆಲಸ ಹೋಗುತ್ತೆ ಅಂತ ಹೆದರಿದಾಳೆ ಪಾಪ. ಮೇಲೆ ಪೊಲೀಸರು ಬೇರೆ! ನೀನು ಯಾಕಮ್ಮ ಕೆದಕ್ತೀಯಾ? ಈ ಗಂಜಿ, ಎಳೆ, ಹಿಂಬದಿ ನಮಗ್ಯಾರಿಗೆ ಗೊತ್ತಾಗುತ್ತೆ? ಮೇಡಮ್ಮಿಗೆ ಗೊತ್ತಾಗುತ್ತಾ? ಅಂಗಿಯ ಸಾಕ್ಷಿ ಹೋದರೆ ಉಳಿಯೋದು ಬೀಗದ ಕೈ ಒಂದೇ. ಫಲಕದ ಮೇಲೆ ನಿಮ್ಮಜ್ಜಿ ಒಬ್ಬಳೇ ನಿಲ್ತಾಳೆ!”

“ನಿಲ್ಲಲಿ” ಎಂದಳು ಅಕ್ಕ.

“ನಾಳೆಯಿಂದ ಗಿರಾಕಿಗಳು...”

“ಮಾವ, ನನ್ನ ಪರ ಹೇಳೋಕೆ ನೀವಿದೀರಿ. ಜಗಳಾಡೋಕೆ ಅಣ್ಣ ಇದಾನೆ. ಆ ಮನುಷ್ಯನ ಕಡೆ ಒಬ್ಬರಿದಾರಾ? ಅವನು ನಿಜ ಹೇಳಿದ. ಊರೆಲ್ಲ ನಕ್ಕಿತು. ನಾವೂ ಅಂಗಡೀಲಿ ಕೂತು ಹನ್ನೊಂದು ವರ್ಷ ನಕ್ಕಿದೀವಿ.”

ನಾನು ನಕ್ಕಿದ್ದೆ. ಮೂಗಿನ ರಕ್ತ ಎಂದರೆ ಸಾಕು, ನಾನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ. ನನಗೆ ನಾಚಿಕೆಯಾಯಿತು, ನಿಂತ ನೆಲ ಬಾಯಿ ಬಿಟ್ಟರೆ ಸಾಕು ಎನಿಸಿತು. ಅದಕ್ಕಿಂತ ಹೆಚ್ಚಾಗಿ ಅಕ್ಕನ ಮೇಲೆ ಸಿಟ್ಟು ಬಂತು. ಯಾಕೆ ನೋಡಿದಳು, ನೋಡಿದವಳು ಯಾಕೆ ಬಾಯಿ ಮುಚ್ಚಿಕೊಳ್ಳಲಿಲ್ಲ ಎಂದು.

ಮೇಡಂ ಪೆನ್ನು ಹಿಡಿದು ಕೂತರು. ಅಕ್ಕ ನಿಂತೇ ಹೇಳಿದಳು. “ಬರ್ಕೊಳ್ಳಿ. ಕೊಲೆ ಮಾಡಿದವರು ಯಾರು ಅಂತ ಗೊತ್ತಿಲ್ಲ. ಭಾಮೈದನ ಅಂಗಿಯ ಮೇಲಿನ ಕಲೆ ಕೊಲೆಗೆ ಮೊದಲಿನದು. ಅದನ್ನ ಒಗೆದು, ಇಸ್ತ್ರಿ ಮಾಡಿ, ಕಲೆ ಇರಲಿಲ್ಲ ಅಂತ ಸುಳ್ಳು ಹೇಳಿದ್ದು ಬಟ್ಟೆ ಒಗೆಯುವ ಹೆಂಗಸು.” ಮೇಡಂ ಬರೆದು ಮುಗಿಸಿದ ಮೇಲೆ, “ಇದನ್ನ ತಿಳಿಸಿದ್ದು ಆಕೆಯ ಮರಿಮೊಮ್ಮಗಳ ಮಗಳು ಅಂತ ಹಾಕಿ. ಇಲ್ದಿದ್ರೆ ಯಾರೂ ನಂಬಲ್ಲ” ಎಂದಳು.

ಹೊರಗೆ ಬಂದೆವು. ಮಾವ ತನ್ನ ದಾರಿ ಹಿಡಿದ. ನಾನೂ ಅಕ್ಕನೂ ಮೆಟ್ಟಿಲ ಮೇಲೆ ನಿಂತೆವು. ನನ್ನ ನಾಲಿಗೆಗೆ ಬುದ್ಧಿ ಯಾವಾಗ ಇತ್ತು?

“ನೀನು ಸುಮ್ಮನಿದ್ದಿದ್ರೆ ಒಂದು ನರಪಿಳ್ಳೆಗೂ ಗೊತ್ತಾಗ್ತಿರಲಿಲ್ಲ” ಎಂದೆ.

“ನಮ್ಮಜ್ಜಿನೂ ಹಾಗೇ ಅಂದ್ಕೊಂಡಿರಬೇಕು ಅಣ್ಣ” ಎಂದಳು. “ಅವನು ಬಾಡಿಗೆಗಿದ್ದ ಕೋಣೆ ಎಲ್ಲಿತ್ತು ಅಂತ ವರದೀಲಿದೆಯಲ್ಲ. ನಮ್ಮ ಬಟ್ಟೆ ಒಣಹಾಕೋ ಅಂಗಳದ ಎದುರಿಗೇ. ಹನ್ನೆರಡು ವರ್ಷ ಅವಳು ದಿನಾ ಬಟ್ಟೆ ಹರವೋವಾಗ ತಲೆ ಎತ್ತಿದ್ರೆ ಆ ಕಿಟಕಿ.”

ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಒಂದು ದಿನ ಅವನ ಕೋಣೆಯ ಮೆಟ್ಟಿಲು ಹತ್ತಿ ಹೋಗಿ ಹೇಳಬಹುದಾಗಿತ್ತು” ಎಂದಳು.