ಕಾರ್ಬ್ಯುರೇಟರ್ ಬಾಯಿಗೆ ತುರುಕಿದ ಬಟ್ಟೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುವವರಲ್ಲಿ ಮೊದಲಿಗ ನನ್ನ ಅಣ್ಣ. ಅವನೊಬ್ಬ ಇಲ್ಲದಿದ್ದರೆ ನನ್ನ ಮೂಗಿನ ತುದಿಯಲ್ಲಿ ಬೆವರು ಬಿಟ್ಟು ಬೇರೇನೂ ಇರುತ್ತಿರಲಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ನಮ್ಮದು ಅಪ್ಪ ಕಟ್ಟಿದ ಗ್ಯಾರೇಜು. ಅಪ್ಪನ ಕೈ ನಡುಗಲು ಶುರುವಾದ ಮೇಲೆ ವೆಲ್ಡಿಂಗ್, ತಗಡು, ಪೈಪಿನ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಗಿರಾಕಿಗಳ ಜೊತೆ ಮಾತಾಡುವ ಕೆಲಸ ಅಣ್ಣನದು. ಹದಿನೈದು ವರ್ಷದಿಂದ ಹೀಗೇ ನಡೆದಿದೆ. ನಾನು ಮಾಡುತ್ತೇನೆ, ಅವನು "ಹೇಗೆ ಮಾಡಿದೀನಿ ನೋಡಿ" ಅನ್ನುತ್ತಾನೆ. ಗಿರಾಕಿ ಅವನ ಕೈ ಕುಲುಕುತ್ತಾನೆ. ನಾನು ವೆಲ್ಡಿಂಗ್ ಕನ್ನಡಕ ಹಣೆಗೇರಿಸುವಷ್ಟರಲ್ಲಿ ಗಾಡಿ ಗೇಟು ದಾಟಿರುತ್ತದೆ.

ಡ್ರೈವರ್ ಮಾಮನ ಲಾರಿಯ ವಿಷಯದಲ್ಲಿ ಮಾತ್ರ ಹಾಗಾಗಕೂಡದು ಎಂದು ಹಟ ಹಿಡಿದಿದ್ದೆ.

ಅದು ಐವತ್ತು ವರ್ಷ ಹಳೆಯ, ಉಬ್ಬು ಮೂತಿಯ ಪೆಟ್ರೋಲ್ ಲಾರಿ. ಮಾಮ ಅದನ್ನು ಒಂದು ಕಂಪನಿಗಾಗಿ ಮೂವತ್ತೊಂದು ವರ್ಷ ಓಡಿಸಿದ್ದರು. ಕಂಪನಿಯವರು ಗುಜರಿಗೆ ಹಾಕಲು ಹೊರಟಾಗ ತಾವೇ ಕೊಂಡು, ಬಣ್ಣ ಹೊಡೆಸಿ, "ಮುದುಕಿ" ಎಂದು ಹೆಸರಿಟ್ಟು ಸಾಕಿದರು. ಅದನ್ನು ನಮ್ಮಲ್ಲಿಗೆ ತಂದ ದಿನದಿಂದ ಎರಡನೇ ಭಾನುವಾರ ಅವರಿಗೆ ಎಪ್ಪತ್ತು ತುಂಬುವುದಿತ್ತು. ಅವತ್ತು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಡ್ಡದ ರಸ್ತೆಯನ್ನು ತುದಿಯವರೆಗೆ ಹತ್ತಬೇಕು. ಮದುವೆಯಾದ ಹೊಸತರಲ್ಲಿ ಇದೇ ಲಾರಿಯಲ್ಲಿ ಕರೆದುಕೊಂಡು ಹೋಗಿದ್ದ ರಸ್ತೆ ಅದು. ಆದರೆ ಮುದುಕಿ ಈಗೀಗ ಎಂಟನೇ ತಿರುವಿನಲ್ಲೇ ಉಸಿರು ಕಟ್ಟಿ ನಿಂತುಬಿಡುತ್ತಿದ್ದಳು. ನಾಲ್ಕು ಗ್ಯಾರೇಜಿನವರು ನಾಲ್ಕು ರೋಗ ಹೇಳಿ ಕಳಿಸಿದ್ದರು.

ನಾನು ಬಾನೆಟ್ ಎತ್ತಿ ನೋಡಿದೆ. ಗಾಳಿ ಎಳೆದುಕೊಳ್ಳುವ ಬಾಯಿ ಎಂಜಿನ್ನಿನ ನೆತ್ತಿಯ ಮೇಲೆ, ರೇಡಿಯೇಟರಿನ ಬೆನ್ನಿಗೆ ಇತ್ತು. ಏರು ಹತ್ತುವಾಗ ಅಲ್ಲಿರುವುದು ಬರೀ ಬೆಂಕಿಯಂಥ ಗಾಳಿ.

"ಇವಳಿಗೆ ಕಾಯಿಲೆ ಏನಿಲ್ಲ ಮಾಮ," ಅಂದೆ. "ಒಲೆ ಹಚ್ಚಿ, ಅಡುಗೆಮನೆ ಕಿಟಕಿ ಬಾಗಿಲು ಎಲ್ಲ ಮುಚ್ಚಿ, ಒಳಗೆ ಓಡಿ ಅಂದ್ರೆ ನೀವು ಓಡ್ತೀರಾ? ಹೊರಗಿನ ತಣ್ಣನೆ ಗಾಳಿ ಕುಡಿಯೋ ಹಾಗೆ ಒಂದು ಪೈಪು ಮಾಡಿಕೊಟ್ರೆ ಆಯ್ತು."

ಮಾಮ ನಕ್ಕರು. "ಹಾಗಾದ್ರೆ ಕಿಟಕಿ ತೆಗಿಯಮ್ಮ. ಆದ್ರೆ ಎರಡು ಮಾತು. ಗಾಡಿ ಬಾಡಿಯಲ್ಲಿ ಹೊಸದಾಗಿ ಒಂದೂ ತೂತು ಬೀಳಬಾರದು. ಇನ್ನೊಂದು, ಕೆಲಸ ಪೂರ್ತಿ ನೀನೇ ಮಾಡ್ಬೇಕು. ನಿಮ್ಮಣ್ಣ ಬಾಯಲ್ಲೇ ವೆಲ್ಡಿಂಗ್ ಮಾಡೋನು."

ಹದಿನೈದು ವರ್ಷದಲ್ಲಿ ನನ್ನನ್ನೇ ಬೇಕೆಂದು ಕೇಳಿದ ಮೊದಲ ಗಿರಾಕಿ ಅವರು. ಅವತ್ತು ಊಟ ಮಾಡುವಾಗಲೂ ನನ್ನ ಮುಖದಲ್ಲಿ ನಗು ಇತ್ತಂತೆ. ಅಪ್ಪ ಹೇಳಿದ್ದು.

ಒಂಬತ್ತು ದಿನ ಹಿಡಿಯಿತು. ಮೊದಲು ಕಂಬಿ ಬಾಗಿಸಿ ದಾರಿ ನೋಡಿಕೊಂಡೆ, ಆಮೇಲೆ ರಟ್ಟಿನಲ್ಲಿ ಅಚ್ಚು ಮಾಡಿದೆ. ಪೈಪಿನ ಬಾಯನ್ನು ಬಂಪರಿನ ಹಿಂದೆ ಕೆಳಗಿಟ್ಟರೆ ಸುಲಭವಿತ್ತು. ಆದರೆ ಹೊಂಡದ ನೀರು ಹಾರಿದರೆ ಎಂಜಿನ್ ಅದನ್ನೂ ಕುಡಿದು ಸಾಯುತ್ತದೆ. ಮೇಲಕ್ಕೆ ತರೋಣವೆಂದರೆ ತೂತು ಕೊರೆಯುವಂತಿಲ್ಲ. ಎರಡು ದಿನ ತಲೆ ಕೆರೆದುಕೊಂಡು ಮಡ್ಗಾರ್ಡಿನ ಒಳಗೋಡೆಯನ್ನು ಕೈಯಿಂದ ಸವರುತ್ತಿದ್ದಾಗ ಬಣ್ಣದಡಿಯಲ್ಲಿ ಒಂದು ಉಂಗುರ ಬೆರಳಿಗೆ ತಗುಲಿತು. ಹಿಂದೆ ಯಾವಾಗಲೋ ಅಲ್ಲೊಂದು ದೊಡ್ಡ ಹಾರ್ನ್ ಇತ್ತು. ಅದು ಹೋದ ಮೇಲೆ ಯಾರೋ ತಗಡಿನ ಬಿಲ್ಲೆ ಇಟ್ಟು ಬಣ್ಣ ಬಳಿದಿದ್ದರು. ಬಿಲ್ಲೆ ಕಿತ್ತೆ. ಹೆಡ್‌ಲೈಟಿನ ಹಿಂದೆ, ನೀರು ತಾಗದ ಎತ್ತರದಲ್ಲಿ, ಹೊರಗಿನ ಗಾಳಿ ನೇರವಾಗಿ ಬರುವ ತೂತು. ಒಬ್ಬಳೇ ನಿಂತು ಜೋರಾಗಿ ನಕ್ಕೆ.

ಅಲ್ಯೂಮಿನಿಯಂ ಪೈಪನ್ನು ಓರೆ ಓರೆಯಾಗಿ ಹನ್ನೊಂದು ತುಂಡು ಮಾಡಿ, ಜೋಡಿಸಿ, ಮೂರು ತಿರುವು ಬೆಸೆದೆ. ಅಲ್ಯೂಮಿನಿಯಂ ಸಿಟ್ಟಿನ ಲೋಹ. ಒಂದು ಕ್ಷಣ ಹೆಚ್ಚು ಶಾಖ ಕೊಟ್ಟರೆ ಕರಗಿ ಜೋತುಬೀಳುತ್ತದೆ. ಹಾಗೆ ಜೋತುಬಿದ್ದ ಎರಡು ಪೈಪು ಎಸೆದೆ, ಮೂರನೆಯದು ಕೂತಿತು. ಗಾಳಿ ಸೋಸುವ ಫಿಲ್ಟರಿನ ಸುತ್ತ ತಗಡಿನ ಗೋಡೆ ಕಟ್ಟಿ, ಅಂಚಿಗೆ ರಬ್ಬರ್ ಪಟ್ಟಿ ಕೊಟ್ಟೆ. ಬಾನೆಟ್ ಮುಚ್ಚಿದರೆ ಎಂಜಿನ್ನಿನ ಬಿಸಿ ಅತ್ತ ಸುಳಿಯುವಂತಿರಲಿಲ್ಲ.

ಈ ಒಂಬತ್ತು ದಿನ ಅಣ್ಣ ಮಾಡಿದ್ದೇನೆಂದರೆ, ದಿನಕ್ಕೆರಡು ಸಲ ಬಂದು "ಇನ್ನೂ ಆಗಿಲ್ವಾ?" ಎಂದು ಕೇಳಿದ್ದು.

ಇಲ್ಲಿ ಅಪ್ಪನ ಕಟ್ಟಳೆಯೊಂದನ್ನು ಹೇಳಲೇಬೇಕು. ಎಂಜಿನ್ನಿನ ಬಾಯಿ ತೆರೆದಿಟ್ಟು ಕೆಲಸ ಮಾಡುವಾಗ ಲೋಹದ ಪುಡಿ, ಸ್ಕ್ರೂ ಒಳಗೆ ಬೀಳಬಾರದೆಂದು ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಬಾಯಿಗೆ ಬಟ್ಟೆ ತುರುಕುತ್ತೇವೆ. ತುರುಕಿದವರೇ ತೆಗೆಯಬೇಕು. ತೆಗೆಯುವವರೆಗೆ ಗಾಡಿಯ ಕೀ ಅವರ ಜೇಬಿನಲ್ಲೇ ಇರಬೇಕು. ಕೀ ನೇತುಹಾಕುವ ಗೋಡೆಯ ಗೂಟದಲ್ಲಿ ಕೀ ಇಲ್ಲವೆಂದರೆ ಆ ಗಾಡಿಯನ್ನು ಯಾರೂ ಸ್ಟಾರ್ಟ್ ಮಾಡುವ ಹಾಗಿಲ್ಲ. ಓದು ಕಲಿಯುವ ಮೊದಲೇ ನಾವಿಬ್ಬರೂ ಕಲಿತದ್ದು ಇದನ್ನು.

ಶುಕ್ರವಾರ ಮಧ್ಯಾಹ್ನ ಪೈಪನ್ನು ಅದರ ಜಾಗದಲ್ಲಿ ಸುಮ್ಮನೆ ಕೂರಿಸಿ, ಹಿಡಿದಿಡುವ ಪಟ್ಟಿಗೆ ಗುರುತು ಮಾಡಿಕೊಂಡೆ. ಪೈಪಿನ ಕೆಳಗೆ ಬಟ್ಟೆ ಹಾಗೇ ಇತ್ತು, ಕೀ ನನ್ನ ಜೇಬಿನಲ್ಲಿತ್ತು. ಬೆಂಚಿನ ಹತ್ತಿರ ಕೂತು ಪಟ್ಟಿಯ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡುತ್ತಿದ್ದೆ. ಇನ್ನು ಅರ್ಧ ಗಂಟೆಯ ಕೆಲಸ.

ಆಗ ಅಣ್ಣ ಮಾಮನನ್ನು ಕರೆದುಕೊಂಡು ಬಂದ. ಅವನೇ ಫೋನ್ ಮಾಡಿ ಕರೆಸಿದ್ದನಂತೆ. ನನಗೊಂದು ಮಾತು ಹೇಳಿರಲಿಲ್ಲ.

"ನೋಡಿ ಮಾಮ, ಹೇಗಿದೆ!" ಎಂದು ಬಾನೆಟ್ ಕೆಳಗೆ ಕೈ ಚಾಚಿದ, ತಾನೇ ಹೆತ್ತ ಮಗುವನ್ನು ತೋರಿಸುವ ಹಾಗೆ.

ಮಾಮ ಪೈಪನ್ನು ಸವರಿದರು. "ಅಬ್ಬಬ್ಬಾ. ಬಾಡಿಯಲ್ಲಿ ಒಂದು ತೂತೂ ಹಾಕಿಲ್ಲ. ಹಳೇ ಹಾರ್ನ್ ಜಾಗ ಅಲ್ವಾ ಇದು? ನಾನೇ ಮರೆತಿದ್ದೆ!"

"ಹಾರ್ನ್ ಐಡಿಯಾ ನಂದೇ," ಅಂದ ಅಣ್ಣ. "ನಾನು ಬರೆದುಕೊಟ್ಟೆ, ಅವಳು ಬೆಸೆದಳು. ಕೆಲಸ ಮಾಡ್ತಾಳೆ ಪಾಪ, ಆದ್ರೆ ಹೇಳಿಕೊಡೋರು ಬೇಕು."

ನನ್ನ ಮೈಯೆಲ್ಲ ಉರಿದುಹೋಯಿತು. ಅರ ಕೈಯಲ್ಲೇ ನಿಂತಿತು.

"ಒಂದ್ಸಲ ಶಬ್ದ ಕೇಳ್ಬಿಡಿ," ಎಂದು ಅಣ್ಣ ಕ್ಯಾಬಿನ್ ಹತ್ತಿದ. ಗೂಟದ ಕಡೆ ನೋಡಿದ. "ಕೀ ಎಲ್ಲೋ ಇಟ್ಟು ಮರೆತಿರ್ತಾಳೆ ಇವಳು. ಇರ್ಲಿ ಬಿಡಿ, ಹಳೇ ಗಾಡಿಗೆ ಸ್ಕ್ರೂಡ್ರೈವರೇ ಕೀ."

ಎರಡು ತಂತಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು, ಕಾಲಿನಿಂದ ಆಕ್ಸಲರೇಟರ್ ಪೂರ್ತಿ ಒತ್ತಿ, ಸ್ಟಾರ್ಟರಿನ ಗುಂಡಿ ಅದುಮಿದ.

ಮುದುಕಿ ಒಮ್ಮೆ ಕೆಮ್ಮಿದಳು, ಹತ್ತಿಕೊಂಡಳು, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಗೊರಗೊರ ಎಂದು ನಿಂತಳು. ಅಣ್ಣ ಮತ್ತೆ ಅದುಮಿದ. ಅಷ್ಟರಲ್ಲಿ ನಾನು ಓಡಿಹೋಗಿ ಪೈಪು ಕಿತ್ತೆಸೆದೆ. ಕಾರ್ಬ್ಯುರೇಟರಿನ ಬಾಯಲ್ಲಿ ಬಟ್ಟೆ ಇರಲಿಲ್ಲ. ಒಳಗೆ ಗಾಳಿಗೆ ತೆರೆದು ಮುಚ್ಚುವ ತಟ್ಟೆಯ ಅಂಚಿಗೆ ಒಂದಿಷ್ಟು ನೂಲು ಸಿಕ್ಕಿ ನೇತಾಡುತ್ತಿತ್ತು. ಉಳಿದದ್ದನ್ನೆಲ್ಲ ಎಂಜಿನ್ ನುಂಗಿತ್ತು.

ಅಣ್ಣ ಇಳಿದು ಬಂದು ಬಗ್ಗಿ ನೋಡಿದ. ಅವನ ಬಾಯಿಗೆ ಯೋಚನೆ ಮಾಡಲು ಯಾವತ್ತೂ ಸಮಯ ಬೇಕಾಗಿಲ್ಲ. "ಅಯ್ಯೋ, ಬಟ್ಟೆ ತೆಗೆಯೋದು ಮರೆತಿದಾಳೆ ಮಾಮ!"

ಮಾಮ ನನ್ನ ಕಡೆ ತಿರುಗಿದರು. ಬೈಯಲಿಲ್ಲ. ನಂಬಿ ಕೆಟ್ಟೆ ಎನ್ನುವಂಥ ನೋಟ ಅದು.

ಆಮೇಲೆ ನಾನು ಏನೇನು ಕೂಗಿದೆನೋ ನನಗೇ ಪೂರ್ತಿ ನೆನಪಿಲ್ಲ. ಹದಿನೈದು ವರ್ಷದ್ದೆಲ್ಲ ಹೊರಬಂತು. ಪರರ ಬೆವರಿನಲ್ಲಿ ಮುಖ ತೊಳೆಯುವವನು ಅಂದೆ. ಒಂದು ನಟ್ಟು ಬಿಗಿಮಾಡಲು ಬಾರದ ಮೇಸ್ತ್ರಿ ಅಂದೆ. ಅಣ್ಣನೂ ಬಿಡಲಿಲ್ಲ. ಗಲಾಟೆಗೆ ಅಪ್ಪ ಒಳಕೋಣೆಯಿಂದ ಗೋಡೆ ಹಿಡಿದುಕೊಂಡು ಬಂದರು.

"ಕೀ ಯಾರ ಹತ್ರ ಇದೆ?" ಅಂದರು.

ಇದಕ್ಕೇ ಕಾದಿದ್ದೆ. ಜೇಬಿನಿಂದ ಕೀ ತೆಗೆದು ಬೆಂಚಿನ ಮೇಲೆ ಕುಕ್ಕಿದೆ. "ನನ್ನ ಹತ್ರ. ಬಟ್ಟೆ ಹಾಕಿದಾಗಿಂದ ನನ್ನ ಜೇಬಲ್ಲೇ ಇತ್ತು. ಅವನು ಸ್ಕ್ರೂಡ್ರೈವರ್ ಹಾಕಿ ಸ್ಟಾರ್ಟ್ ಮಾಡಿದ."

ಅಣ್ಣನ ಮುಖ ಸಪ್ಪಗಾಯಿತು. ಮಾಮ ಅವನನ್ನು ಮೇಲಿಂದ ಕೆಳಗೆ ನೋಡಿ, "ಥೂ, ನಾಚಿಕೆ ಆಗಲ್ವೇನೋ ನಿಂಗೆ? ಒಡಹುಟ್ಟಿದವಳ ಮೇಲೆ ಹಾಕ್ತೀಯಲ್ಲ!" ಅಂದರು. ಆ ಹೊತ್ತಿನ ಸಂತೋಷವನ್ನು ಸುಳ್ಳು ಹೇಳದೆ ಒಪ್ಪಿಕೊಳ್ಳುತ್ತೇನೆ. ಹೊಟ್ಟೆ ತಣ್ಣಗಾಯಿತು.

ಅಪ್ಪ ಮಾತ್ರ ಅಣ್ಣನನ್ನು ನೋಡುತ್ತಿರಲಿಲ್ಲ. ಬೆಂಚಿನ ಮೇಲಿದ್ದ ಅರ, ಅರ್ಧ ಉಜ್ಜಿದ ಪಟ್ಟಿ, ನಾನು ಕೂತಿದ್ದ ಸ್ಟೂಲು, ಇವನ್ನು ನೋಡುತ್ತಿದ್ದರು. ಆಮೇಲೆ ಅಲ್ಲಿಂದ ಲಾರಿಯ ಕಡೆ ನೋಡಿದರು. ನಾಲ್ಕು ಹೆಜ್ಜೆ ದೂರ.

"ಅವನು ಸ್ಕ್ರೂಡ್ರೈವರ್ ಹಾಕುವಾಗ ನೀನು ಇಲ್ಲೇ ಕೂತಿದ್ಯಾ?"

ನಾನು ಬೆಂಚಿನ ಮೇಲಿದ್ದ ಕೀಯನ್ನು ಮತ್ತೆ ಕೈಗೆತ್ತಿಕೊಂಡೆ.

"ನೋಡ್ತಾ ಇದ್ಯಾ ಮಗಳೇ?"

ಇಲ್ಲ ಎನ್ನಬಹುದಿತ್ತು. ಕೆಲಸದಲ್ಲಿ ಮುಳುಗಿದ್ದೆ ಎಂದರೆ ಎಲ್ಲರೂ ನಂಬುತ್ತಿದ್ದರು. ಆದರೆ ನಾನು ನೋಡಿದ್ದೆ. ಅವನು ಕ್ಯಾಬಿನ್ ಹತ್ತಿದ್ದು, ಗೂಟ ನೋಡಿದ್ದು, ಸ್ಕ್ರೂಡ್ರೈವರ್ ತೆಗೆದದ್ದು, ಎಲ್ಲವನ್ನೂ. "ಅಣ್ಣಾ, ಬಟ್ಟೆ" ಎಂದು ಎರಡು ಮಾತು ಕೂಗಿದ್ದರೆ ಸಾಕಿತ್ತು. ಆ ಎರಡು ಮಾತು ಗಂಟಲವರೆಗೆ ಬಂದಿದ್ದವು. ಹಲ್ಲು ಕಚ್ಚಿ ತಡೆದೆ. ಮಾಡಲಿ, ಎಲ್ಲರೆದುರು ಒಮ್ಮೆ ಮಣ್ಣು ಮುಕ್ಕಲಿ ಎಂದುಕೊಂಡೆ.

"ನೋಡ್ತಾ ಇದ್ದೆ," ಅಂದೆ. "ಕೂಗಲಿಲ್ಲ. ಬೇಕಂತಲೇ."

ಅಪ್ಪ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಮಾಮ ಲಾರಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಭಾನುವಾರ ಆಗಲ್ಲ ಅಲ್ವಾ?" ಎಂದು ಕೇಳಿದರು.

"ಆಗಲ್ಲ ಮಾಮ. ಎಂಜಿನ್ ಹೆಡ್ ಬಿಚ್ಚಬೇಕು."

"ನಿಮ್ಮಿಬ್ಬರ ಜಗಳಕ್ಕೆ ನನ್ನ ಮುದುಕೀನೇ ಬೇಕಾಗಿದ್ಲಾ?" ಅಂದರು. ಎದ್ದು ಬಾನೆಟ್ಟನ್ನು ಮೆಲ್ಲಗೆ ಇಳಿಸಿ, ನಡೆದುಕೊಂಡೇ ಮನೆಗೆ ಹೋದರು.

ಶನಿವಾರ ಪೂರ್ತಿ ಎಂಜಿನ್ ಬಿಚ್ಚಿದೆವು. ಅಣ್ಣ ಲೈಟು ಹಿಡಿದ, ಬೋಲ್ಟು ತಿರುಗಿಸಿದ. ಬೇಕಾದ ಸ್ಪ್ಯಾನರಿನ ಅಳತೆ ಬಿಟ್ಟು ಬೇರೆ ಮಾತಿಲ್ಲ. ಬಟ್ಟೆಯನ್ನು ಮಾತ್ರ ನಾನೇ ತೆಗೆದೆ, ಚಿಮುಟದಲ್ಲಿ, ಚೂರು ಚೂರಾಗಿ. ಒಳಗೆ ಏನೂ ಉಳಿಯಬಾರದೆಂದು ಸಿಕ್ಕ ಚೂರನ್ನೆಲ್ಲ ಬೆಂಚಿನ ಮೇಲೆ ಹರಡಿ, ಮೊದಲಿನ ಚೌಕ ಬರುವ ಹಾಗೆ ಜೋಡಿಸಿದೆ. ಒಂದು ಮೂಲೆ ಸಿಗಲೇ ಇಲ್ಲ.

"ಉಗುರಿನಷ್ಟು ಇರತ್ತೆ, ಸುಟ್ಟುಹೋಗತ್ತೆ ಬಿಡು," ಅಂದ ಅಣ್ಣ.

ನಾನು ತಲೆಯೆತ್ತಿ ನೋಡಿದೆ ಅಷ್ಟೆ. ಅವನು ಮತ್ತೆ ಲೈಟು ಹಿಡಿದ.

ಆ ಮೂಲೆ ಭಾನುವಾರ ಬೆಳಗ್ಗೆ ನಾಲ್ಕನೇ ಸಿಲಿಂಡರಿನ ವಾಲ್ವಿನ ಹಿಂದೆ ಸಿಕ್ಕಿತು. ವಾಲ್ವ್ ಬಾಗಿತ್ತು. ಹೊಸದು ತರಿಸಿ ಕೂರಿಸಲು ಇನ್ನೂ ಹತ್ತು ದಿನ ಬೇಕು. ಇದನ್ನು ಮಾಮನಿಗೆ ಹೇಳಬೇಕಿತ್ತು.

ಗಿರಾಕಿಗಳಿಗೆ ಫೋನ್ ಮಾಡುವವನು ಅಣ್ಣನೇ. ಅಭ್ಯಾಸದಂತೆ ಕೈ ಒರೆಸಿಕೊಂಡು ನಂಬರ್ ಒತ್ತಿದ. ರಿಂಗ್ ಆಗುತ್ತಿದ್ದಾಗ ಫೋನನ್ನು ಕಿವಿಯಿಂದ ತೆಗೆದು ನನ್ನ ಕಡೆ ಚಾಚಿದ.

"ನೀನೇ ಹೇಳು," ಅಂದ. "ಕೆಲಸ ನಿಂದು."

ಹದಿನೈದು ವರ್ಷ ಕಾದಿದ್ದ ಮಾತು. ಅವನ ಕೆನ್ನೆಗೆ ಬಾರಿಸಬೇಕು ಎನಿಸಿತು. ಆದರೆ ಅವನು ಚುಚ್ಚಲು ಹೇಳಿದ್ದಲ್ಲ. ಫೋನ್ ತೆಗೆದುಕೊಂಡೆ. ಆ ಕಡೆ ಮನೆತುಂಬ ಜನರ ಸದ್ದು, ಪಾತ್ರೆಗಳ ಸದ್ದು, ಯಾರೋ ನಗುತ್ತಿದ್ದರು.

"ಹಲೋ, ಯಾರು?" ಅಂದರು ಮಾಮ.

"ನಾನು ಮಾಮ," ಅಂದೆ. "ಬಟ್ಟೆ ತುರುಕಿದವಳು."