ನೀಲವ್ವನ ಹೆಸರು ಯಾರದು?

ಸವಡಿಯ ರೇಣವ್ವ ಮತ್ತು ಆಕೆಯ ಸಂಘದ ಹೆಣ್ಣುಮಕ್ಕಳು ಖಡಕ್ ರೊಟ್ಟಿ, ಚಟ್ನಿಪುಡಿ ಮಾಡಿ ಊರೂರಿಗೆ ಕಳಿಸುತ್ತಾರೆ. ಅವರಿಗೆಲ್ಲ ರೊಟ್ಟಿ ಬಡಿಯಲು ಕಲಿಸಿದವಳು ರೇಣವ್ವನ ಅತ್ತೆ ನೀಲವ್ವ. ಅದಕ್ಕೇ ಮಾಲಿಗೆ ‘ಸವಡಿ ನೀಲವ್ವನ ರೊಟ್ಟಿ’ ಎಂದು ಹೆಸರಿಟ್ಟಿದ್ದಾರೆ. ಅದೇ ಹೆಸರಿನಲ್ಲಿ ಒಂದು ವೆಬ್‌ಸೈಟೂ ಇದೆ. ನರಗುಂದದ ಮುತ್ತಣ್ಣ ಮಾಡಿಕೊಟ್ಟದ್ದು. ಗಿರಾಕಿಗಳು ಅದನ್ನು ನೋಡಿ ಆರ್ಡರ್ ಕೊಡುತ್ತಾರೆ. ರೇಣವ್ವನ ಗಂಡ ಮಲ್ಲೇಶಪ್ಪ ಪಾರ್ಸೆಲ್ ಕಟ್ಟಿ ಕಳಿಸುತ್ತಾನೆ.

ಒಂದು ಮುಂಜಾನೆ ಬೆಳಗಾವಿಯಿಂದ ಅನ್ನಪೂರ್ಣಾ ಎಂಬ ಗಿರಾಕಿಯ ಫೋನ್ ಬಂತು.

“ಏನ್ರೀ, ನೀವೂ ಮಕ್ಕಳ ತಾಯಂದ್ರ ಅದೀರಿಲ್ಲೋ? ನಿಮ್ಮ ಅಗಸಿ ಚಟ್ನಿ ತಿಂದು ನನ್ನ ಮಗಳ ಮಾರಿ ಬಾತೈತಿ. ಉಸಿರ ಹಿಡಕೊಂಡಿತ್ತು. ದವಾಖಾನಿಯೊಳಗ ಕುಂತೀನಿ. ಆಕಿಗೆ ಶೇಂಗಾ ಆಗಿಬರೂದಿಲ್ಲ. ‘ಶೇಂಗಾ ಹಾಕಿಲ್ಲ’ ಅಂತ ನಿಮ್ಮ ವೆಬ್‌ಸೈಟಿನ್ಯಾಗ ಓದೇ ತರಿಸಿದ್ದೆ, ಅದನ್ನ ನಂಬಿ ಪ್ಯಾಕೆಟ್ ಓದಲಿಲ್ಲ!”

ಮೊದಲು ಅಗಸಿ ಚಟ್ನಿಗೆ ಶೇಂಗಾ ಹಾಕುತ್ತಿರಲಿಲ್ಲ, ಖರೆ. ಗಿರಾಕಿಗಳು ರುಚಿ ಬೇಕೆಂದರು ಅಂತ ಆಮೇಲೆ ಸೇರಿಸಿದರು. ಪ್ಯಾಕೆಟ್ಟಿನ ಮೇಲೆ ಬದಲಾಯಿಸಿ ಮುದ್ರಿಸಿದರು. ವೆಬ್‌ಸೈಟಿನಲ್ಲೂ ಬದಲಾಯಿಸು ಎಂದು ಮುತ್ತಣ್ಣನಿಗೆ ಆಗಿನಿಂದಲೇ ಹೇಳುತ್ತಿದ್ದರು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ವಾಟ್ಸಾಪ್ ಕಳಿಸಿದರೆ ನೋಡಿ ಸುಮ್ಮನಾಗುತ್ತಿದ್ದ. ಒಮ್ಮೆ ಮಾತ್ರ “ಮಾಡೋಣ್ರಿ ಅಕ್ಕಾರ, ಏನ್ ಗಡಿಬಿಡಿ?” ಎಂದಿದ್ದ.

ಮಗು ಪಾರಾಯಿತು ಎಂದು ಸಂಜೆ ಸುದ್ದಿ ಬಂತು. ಅಲ್ಲಿಯವರೆಗೆ ಸಂಘದಲ್ಲಿ ಯಾರೂ ಒಲೆ ಹಚ್ಚಿರಲಿಲ್ಲ. ಅಗಸಿ ಚಟ್ನಿ ಒಯ್ದ ಒಬ್ಬೊಬ್ಬರಿಗೂ ರೇಣವ್ವ ತಾನೇ ಫೋನ್ ಮಾಡಿ, ಅದರಲ್ಲಿ ಶೇಂಗಾ ಇದೆ ಎಂದು ತಿಳಿಸಿದಳು. ಆಮೇಲೆ ಸಿಟ್ಟು ಉಕ್ಕಿ ಬಂತು.

“ನಮ್ಮ ಅಂಗಡಿ ಗ್ವಾಡಿ ಮ್ಯಾಲ ಸುಳ್ಳು ಬರದೈತಿ. ಅದನ್ನ ಅಳಸಾಕ ನಮಗ ಬರಾಂಗಿಲ್ಲ. ಇದೆಂಥಾ ಅಂಗಡಿ? ಮುತ್ತಣ್ಣನ ಬಿಟ್ಟು ಬ್ಯಾರೆಯವ್ರಿಗೆ ಕೊಡೂಣು.”

ಮಲ್ಲೇಶಪ್ಪ ಹಿಂಜರಿದ. “ಏ, ಹುಚ್ಚಿ! ಎಲ್ಲಾ ಅವನ ಕೈಯಾಗೈತಿ. ಸಿಟ್ಟಿಗೆದ್ದು ಬಂದ್ ಮಾಡಿದ್ನಂದ್ರ ಇದ್ದದ್ದೂ ಹೋತು. ಹೊಸಬ್ರು ಬಂದ್ರೂ ನಾಳೆ ಇದ ಗೋಳು.”

“ಹಂಗಂತ ಮಕ್ಕಳ ಜೀವಾ ಒತ್ತಿ ಇಡೂದೇನ್ರಿ?”

ಗಜೇಂದ್ರಗಡದಲ್ಲಿ ವೆಬ್‌ಸೈಟ್ ಮಾಡುವ ನಾಜಮೀನ ಎಂಬ ಹೆಣ್ಣುಮಗಳಿದ್ದಾಳೆ. ರೇಣವ್ವ ಆಕೆಯನ್ನು ಕರೆಸಿದಳು. ನಾಜಮೀನ ಬಂದವಳೇ ಕೇಳಿದ ಮೊದಲ ಪ್ರಶ್ನೆ: “ಅಕ್ಕಾರ, ವೆಬ್‌ಸೈಟಿನ ಹೆಸರು ವರ್ಷಾ ವರ್ಷಾ ನವೀಕರಣ ಮಾಡಬೇಕಾಗ್ತೈತಿ. ಅದರ ಮೇಲ್ ಯಾರಿಗೆ ಬರತೈತ್ರಿ?”

“ನಮಗಂತೂ ಬಂದಿಲ್ಲವ್ವಾ.”

“ಹಂಗಾರ ಹೆಸರು ಮುತ್ತಣ್ಣಾರ ಖಾತೆದಾಗ ಇರಬೇಕು. ನಿಮ್ಮ ಖಾತೆದಾಗ ಇಲ್ಲ.”

ಮಲ್ಲೇಶಪ್ಪನಿಗೆ ಅರ್ಥವಾಗಲಿಲ್ಲ. “ಹೆಸರಿಗೂ ಖಾತೆ ಇರತಾವೇನವಾ?”

“ಹೌದ್ರಿ ಯಪ್ಪಾ. ಹೆಸರಂದ್ರ ಅಂಗಡಿ ಬೋರ್ಡ್ ಇದ್ದಾಂಗ. ಅದಕ್ಕ ಡೊಮೇನ್ ಅಂತಾರ. ಫೋಟೋ, ಬರಹ ಎಲ್ಲಾ ಇಡಾಕ ಒಂದು ಜಾಗಾ ಬೇಕು, ಅದು ಹೋಸ್ಟಿಂಗ್. ನಾವು ವೆಬ್‌ಸೈಟ್ ಮಾಡಾವ್ರು ಗೌಂಡಿ ಇದ್ದಾಂಗ. ಮನಿ ಕಟ್ಟಿದ ಗೌಂಡಿ ಕೀಲಿ ತನ್ನ ಕಿಸೆದಾಗ ಇಟ್ಕೊಂಡು ಹೋದ್ರ ನೀವು ಸುಮ್ನಿರ್ತೀರೇನ್ರಿ?”

“ನಾಳೆ ನೀನೂ ಹಂಗ ಮಾಡಿದ್ರ?” ಎಂದ ಮಲ್ಲೇಶಪ್ಪ.

ನಾಜಮೀನ ನೊಂದುಕೊಳ್ಳಲಿಲ್ಲ. “ಅದಕ್ಕ ನನ್ನನ್ನೂ ನಂಬಬ್ಯಾಡ್ರಿ. ಕೀಲಿ ನಿಮ್ಮ ಕೈಯಾಗ ಇಟ್ಕೊಂಡು ನನಗ ಕೆಲಸಾ ಕೊಡ್ರಿ. ಬ್ಯಾಡಾದ ದಿನಾ ಬಿಡಿಸಿ ಕಳಸ್ರಿ.”

ಮುತ್ತಣ್ಣನ ಜೊತೆ ಜಗಳಕ್ಕೆ ಹೋಗುವ ಮೊದಲು ಅವಳು ಕೆಲಸ ಮುಗಿಸಿಕೊಂಡಳು. ವೆಬ್‌ಸೈಟಿನಲ್ಲಿದ್ದ ಫೋಟೋ, ಬರಹಗಳನ್ನೆಲ್ಲ ನಕಲು ಮಾಡಿ ಸಂಘದ ಫೋನಿನಲ್ಲಿ ಇಟ್ಟಳು. ಸಂಘಕ್ಕೆ ಸ್ವಂತ ಇ-ಮೇಲ್ ಮಾಡಿಸಿ, ಪಾಸ್‌ವರ್ಡನ್ನು ರೇಣವ್ವನೇ ಗುಟ್ಟಾಗಿ ಹಾಕುವಂತೆ ಹೇಳಿ ತಾನು ಆ ಕಡೆ ಮುಖ ತಿರುಗಿಸಿದಳು. ಹೊಸ ವೆಬ್‌ಸೈಟನ್ನೂ ಸಿದ್ಧ ಮಾಡಿದಳು. ಇನ್ನು ಉಳಿದದ್ದು ಹೆಸರು.

ರೇಣವ್ವ, ಮಲ್ಲೇಶಪ್ಪ, ನಾಜಮೀನ ನರಗುಂದಕ್ಕೆ ಹೊರಟರು. “ನನ್ನ ಹೆಸರಿನ ಮಾತಂದಮ್ಯಾಲ ನಾನೂ ಬರ್ತೀನಿ” ಎಂದು ನೀಲವ್ವನೂ ಸೆರಗು ಹೊದ್ದು ಬಸ್ಸು ಹತ್ತಿದಳು.

ಮುತ್ತಣ್ಣನ ಆಫೀಸಿನಲ್ಲಿ ಪೈಪ್ ಅಂಗಡಿಯ ಖಾಜಾಸಾಬ ಎಂಬ ವ್ಯಾಪಾರಿ ಕೂತಿದ್ದರು; ಅವರ ವೆಬ್‌ಸೈಟನ್ನೂ ಮುತ್ತಣ್ಣನೇ ಮಾಡಿಕೊಟ್ಟಿದ್ದ. ಇವರನ್ನು ಕಂಡು ಮುತ್ತಣ್ಣ ಕುರ್ಚಿ ಬಿಟ್ಟು ಏಳಲಿಲ್ಲ.

ನೀನು ತಿದ್ದದೆ ಬಿಟ್ಟ ವೆಬ್‌ಸೈಟ್ ನಂಬಿ ಒಂದು ಮಗು ಸಾಯುವಂತಾಗಿತ್ತು ಎಂದು ರೇಣವ್ವ ಹೇಳಿದಳು. ಅವನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಅಂದ: “ಅದಕ್ಕ ನಾ ಏನ್ ಮಾಡ್ಲಿ? ಚಟ್ನಿ ಮಾಡಿದವ್ರು ನೀವು.”

“ಸಾಲು ಬದಲ ಮಾಡು ಅಂತ ಹೇಳಿದ್ವಿಲ್ಲೋ?”

“ನಂಗ ನೀವೊಬ್ರ ಗಿರಾಕಿ ಅಲ್ರಿ ಅಕ್ಕಾರ.”

“ಆತಪಾ. ಹಂಗಾರ ನಮ್ಮ ಹೆಸರು ನಮಗ ಕೊಡು. ನಾವು ಬ್ಯಾರೆ ಕಡೆ ಮಾಡಿಸ್ಕೋತೀವಿ.”

ಮುತ್ತಣ್ಣ ನಕ್ಕ. “ಹೆಸರು ನನ್ನ ಖಾತೆದಾಗೈತಿ. ಅಂದ್ರ ಅದು ನಂದು. ನೀವು ಬೇಕಾದ್ರ ಬ್ಯಾರೆ ಹೆಸರು ಇಟ್ಕೋರಿ.”

ಮೂಲೆಯ ಬೆಂಚಿನ ಮೇಲೆ ಕೂತಿದ್ದ ನೀಲವ್ವ ಎದ್ದಳು. ಅವನ ಮೇಜಿನ ಮುಂದೆ ಬಂದು ನಿಂತಳು.

“ತಮ್ಮಾ, ನೀಲವ್ವ ಅಂದ್ರ ನಾನ ನೋಡಪಾ. ನಮ್ಮವ್ವ ತೊಟ್ಟಲದಾಗ ಹಾಕಿ ಇಟ್ಟ ಹೆಸರದು. ಒಲಿ ಮುಂದ ಕುಂತು ಕೈ ಸುಟ್ಕೊಂಡಾಕಿ ನಾನು. ನನ್ನ ಹೆಸರು ನಿಂದು ಹ್ಯಾಂಗ ಆತು? ಒಂದರ ರೊಟ್ಟಿ ಬಡದೀಯೇನು? ಆ ಕೂಸು ಸತ್ತಿದ್ರ ನೀಲವ್ವನ ಚಟ್ನಿ ಕೊಂದಿತು ಅಂತಿತ್ತು ಮಂದಿ. ಆವಾಗ ಹೆಸರು ನಂದು ಅಂತ ನೀ ಮುಂದ ಬರ್ತಿದ್ದೇನು? ಹೇಳು!”

ಮುತ್ತಣ್ಣ ತಲೆ ತಗ್ಗಿಸಿದ. ಅಷ್ಟರಲ್ಲಿ ಖಾಜಾಸಾಬ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೇಳಿದರು: “ಮುತ್ತಣ್ಣ, ನನ್ನ ಅಂಗಡಿ ಹೆಸರು ಯಾರ ಖಾತೆದಾಗ ಇಟ್ಟೀಪಾ?”

ಮುತ್ತಣ್ಣನ ಮುಖ ಇಳಿಯಿತು. ನಾಜಮೀನ ಮೆತ್ತಗೆ ಹೇಳಿದಳು: “ಅಣ್ಣಾರ, ಗಿರಾಕಿ ಹೆಸರು ಹಿಡಿದಿಟ್ಕೊಳ್ಳೂದು ನಮ್ಮ ಕಸಬಿಗೇ ಕೆಟ್ಟ ಹೆಸರು. ಹೆಸರಿಗೆ ಹಾಕಿದ ಬೀಗ ತಗದು, ಅದನ್ನ ಇವರ ಖಾತೆಗೆ ಒಯ್ಯಾಕ ಬೇಕಾದ ವರ್ಗಾವಣೆ ಕೋಡ್ ಕೊಡ್ರಿ. ಕೊಡಲಿಲ್ಲಂದ್ರ ಹೆಸರು ನೋಂದಣಿ ಮಾಡೂ ಕಂಪನಿಗೂ, ಗ್ರಾಹಕರ ವೇದಿಕೆಗೂ ಬರೀತೀವಿ. ತಡಾ ಆಗಬಹುದು, ಬಿಡಾಂಗಿಲ್ಲ.”

ಮುತ್ತಣ್ಣ ಕೀಲಿಮಣೆ ಎಳೆದುಕೊಂಡ. ಆದರೆ ರೇಣವ್ವ ತಡೆದಳು. “ಕೋಡ್ ಆಮ್ಯಾಲ. ಮೊದಲ ಆ ಸುಳ್ಳು ಸಾಲು ತಗಿ. ನನ್ನ ಕಣ್ಣ ಮುಂದ ತಗಿ.”

ಅವನು ತೆಗೆದ. ರೇಣವ್ವ ತನ್ನ ಫೋನಿನಲ್ಲಿ ತೆರೆದು ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಕೋಡ್ ತೆಗೆದುಕೊಂಡಳು. ಅವರು ಹೊರಬೀಳುವಾಗ ಖಾಜಾಸಾಬ ಇನ್ನೂ ಅಲ್ಲೇ ಕೂತಿದ್ದರು. ತಮ್ಮ ಕೋಡ್ ಸಿಗದೆ ಏಳುವುದಿಲ್ಲ ಎಂದರು.

ಕೆಲವು ದಿನಗಳಲ್ಲಿ ಹೆಸರು ಸಂಘದ ಖಾತೆಗೆ ಬಂತು. ಹೊಸ ವೆಬ್‌ಸೈಟ್ ಎಲ್ಲ ಫೋನುಗಳಲ್ಲೂ ತೆರೆಯುವವರೆಗೆ ನಾಜಮೀನ ಹಳೆಯದನ್ನು ಮುಚ್ಚಿಸಲಿಲ್ಲ. ಪ್ರತಿ ತಿನಿಸಿನ ಕೆಳಗೂ ಅದರಲ್ಲಿ ಏನೇನಿದೆ ಎಂದು ದಪ್ಪ ಅಕ್ಷರದಲ್ಲಿ ಬರೆದಳು. ಬದಲಾಯಿಸುವುದು ಹೇಗೆಂದು ರೇಣವ್ವನಿಗೂ ಕಲಿಸಿದಳು. ಈಗ ಮಲ್ಲೇಶಪ್ಪನೇ ಸಂತೆಯಲ್ಲಿ ಸಿಕ್ಕ ವ್ಯಾಪಾರಿಗಳನ್ನು ನಿಲ್ಲಿಸಿ ಕೇಳುತ್ತಾನೆ: “ನಿಮ್ಮ ವೆಬ್‌ಸೈಟಿನ ಕೀಲಿ ಯಾರ ಕೈಯಾಗೈತ್ರಿ?”

ಅಕ್ಕಂದಿರೇ, ಅಣ್ಣಂದಿರೇ, ಅದೇ ಪ್ರಶ್ನೆ ನಿಮಗೂ. ನಿಮ್ಮ ಅಂಗಡಿಗೆ, ಸಂಘಕ್ಕೆ ವೆಬ್‌ಸೈಟ್ ಇದ್ದರೆ ಅದರ ಹೆಸರು ಯಾರ ಖಾತೆಯಲ್ಲಿದೆ ಎಂದು ಇವತ್ತೇ ಕೇಳಿ. ನಿಮ್ಮ ಹೆಸರಲ್ಲಿ, ನಿಮ್ಮ ಇ-ಮೇಲಿನಲ್ಲಿ ಇಲ್ಲದಿದ್ದರೆ ಬದಲಾಯಿಸಿಕೊಳ್ಳಿ. ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ, ಎಲ್ಲದರ ನಕಲು ನಿಮ್ಮ ಹತ್ತಿರ ಇರಲಿ. ಕೆಲಸ ಮಾಡದವರನ್ನು ಬಿಡಲು ಅಂಜಬೇಡಿ. ಆದರೆ ಹೊಸದು ಸಿದ್ಧವಾಗದೆ ಹಳೆಯದನ್ನು ಮುಚ್ಚಬೇಡಿ. ಕೇಳುವುದಕ್ಕೆ ಸಂಕೋಚ ಬೇಡ, ಬೇಡುವುದಂತೂ ಬೇಡವೇ ಬೇಡ. ನೀವು ದುಡಿದು ಗಳಿಸಿದ ಹೆಸರು ಅದು. ಗಟ್ಟಿಯಾಗಿ ಕೇಳಿ ಪಡೆಯಿರಿ.