ಮೇಣದಬತ್ತಿ ಯಾರು ಹಿಡಿಯಬೇಕು

ಎಡಗಾಲಿನ ಸಾಕ್ಸ್ ಮತ್ತೆ ಜಾರಿದೆ, ಇಗರ್ಜಿಯ ಈ ಕೊನೆಯ ಬೆಂಚಿಗೂ ಕಾಣುತ್ತಿದೆ, ಯಾರಾದರೂ ಎಳೆದು ಸರಿಮಾಡಬಾರದೇ, ನನ್ನ ಮಗಳು ಅಪೇಕ್ಷಾಳ ಮೊದಲ ಪರಮಪ್ರಸಾದ ಇವತ್ತು, ಅವಳ ಪಕ್ಕದಲ್ಲೇ ಕೂತಿದ್ದಾಳಲ್ಲ ಜೆಸಿಂತಾ, ನನ್ನ ಗಂಡ ಐವನ್‌ನ ಅಕ್ಕ, ಮಗುವಿನ ಗಾಡ್‌ಮದರ್, ತನ್ನ ಸೀರೆಯ ನೆರಿಗೆ ನೋಡಿಕೊಳ್ಳಲು ಬಿಡುವಿದೆ, ಮಗುವಿನ ಕಾಲು ನೋಡಲು ಇಲ್ಲ — ಊರ್ಮಿಳಾ, ನೀನು ಹಿಂದೆ ಕೂತ್ಕೋ ಆಯ್ತಾ, ಅಪೇಕ್ಷಾಳ ಜೊತೆ ಮೇಣದಬತ್ತಿ ನಾನು ಹಿಡೀತೇನೆ, ಇಲ್ಲದಿದ್ರೆ ಆ ಬೊಟ್ಟು ತೆಗ್ದು ಬಾ, ಫೋಟೋದಲ್ಲಿ ಚಂದ ಕಾಣ್ಲಿಕ್ಕಿಲ್ಲ — ಗೇಟಿನಲ್ಲೇ ಹೇಳಿದಳು, ನಗುನಗುತ್ತ ಹೇಳಿದಳು, ನಾನು ಹಲ್ಲು ಕಚ್ಚಿಕೊಂಡು ಬಂದು ಇಲ್ಲಿ ಕೂತೆ, ಯಾಕೆ ಕೂತೆ. ಬೊಟ್ಟು. ಐವನ್ ತೀರಿಕೊಂಡ ವಾರ ಉಡುಪಿಯಿಂದ ಅಮ್ಮ ಬಂದು ಇದನ್ನೇ ಹೇಳಿದ್ದು, ಇನ್ನು ಅದು ಬೇಡ ಮಗಾ, ಜನ ಏನಾದ್ರೂ ಹೇಳ್ತಾರೆ, ಅಮ್ಮನಿಗೆ ನಾನು ವಿಧವೆ, ಇವಳಿಗೆ ನಾನು ಹಿಂದೂ, ಮದುವೆಗೂ ಒಪ್ಪದ ಎರಡು ಮನೆಯವರು ಒಪ್ಪಿದ್ದು ಇದೊಂದಕ್ಕೇ, ನನ್ನ ಹಣೆ ಬೋಳಾಗಬೇಕು, ಐವನ್ ಮಾತ್ರ, ನಾನು ಸ್ನಾನ ಮುಗಿಸಿ ಬಂದರೆ ಪ್ಯಾಕೆಟ್ಟಿನಿಂದ ಒಂದು ಕಿತ್ತು ತಾನೇ ಅಂಟಿಸುತ್ತಿದ್ದ, ಯಾವಾಗಲೂ ಸೊಟ್ಟಗೆ.

ಮಗಳನ್ನು ಇಲ್ಲಿಯವರೆಗೆ ತಂದವರು ಯಾರು, ಐವನ್‌ಗೆ ಮಾತು ಕೊಟ್ಟಿದ್ದೆನೆಂದು ಭಾನುವಾರ ತಪ್ಪದೆ ಇಗರ್ಜಿಯ ಕ್ಲಾಸಿಗೆ ಕರೆದುಕೊಂಡು ಬಂದವರು ಯಾರು, ಒಂದು ಪ್ರಾರ್ಥನೆಯೂ ಬಾರದ ನಾನು ಕೆಲಸಕ್ಕೆ ಹೋಗುವ ಮಹಾಪೆಯ ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಬಾಯಿಪಾಠ ಮಾಡಿದೆ, ಮನೆಗೆ ಬಂದು ಅನ್ನ ಕಲೆಸುತ್ತ ಅವಳಿಗೆ ಹೇಳಿಕೊಟ್ಟೆ, ಮಮ್ಮಾ, ಸಿನ್ ಮತಲಬ್ ಕ್ಯಾ, ಎಂದು ಅವಳು ಕೇಳಿದಾಗ ಪಾಪ ಅಂದರೇನೆಂದು ಬಿಡಿಸಿ ಹೇಳಿದ್ದು ನಾನು, ಜೆಸಿಂತಾ ಅಲ್ಲ, ಅವಳು ಟಿಟ್ವಾಳಾದ ತನ್ನ ಮನೆಯಿಂದ ಫೋನ್ ಮಾಡಿದ್ದು ಫ್ರಾಕಿನ ಉದ್ದ ಕೇಳಲು ಮಾತ್ರ — ಹೆಸರು ಕರೆದರು, ಅಪೇಕ್ಷಾ ಎದ್ದಳು, ಜೆಸಿಂತಾ ಅವಳ ಮಣಿಕಟ್ಟು ಹಿಡಿದಳು, ಮಗಳು ಬಿಡಿಸಿಕೊಂಡಳು, ತಿರುಗಿ ನನ್ನನ್ನು ಹುಡುಕುತ್ತಿದ್ದಾಳೆ, ಮಮ್ಮಾ, ತೂ ಆ ನಾ, ನೀನು ಬಾ ಅಂತ, ಇಡೀ ಇಗರ್ಜಿಗೆ ಕೇಳುವ ಹಾಗೆ, ನಾನು ಆಗಲೇ ನಡುದಾರಿಯಲ್ಲಿದ್ದೇನೆ, ಬತ್ತಿ ಕೊಡಿ ಅಕ್ಕ, ಊರ್ಮಿಳಾ, ನಿನ್ನ ಬೊಟ್ಟು, ಇರಲಿ ಅಕ್ಕ, ನಿಮ್ಮ ತಮ್ಮನಿಗೆ ಇಷ್ಟ ಇತ್ತು, ಕೊಡಿ — ಕೊಟ್ಟಳು, ಎಲ್ಲರೂ ನೋಡುತ್ತಿರುವಾಗ ಕೊಡದೆ ಏನು ಮಾಡುತ್ತಾಳೆ, ಸಿಟ್ಟಿನಲ್ಲಿ ಬಿಗಿಯಾಗಿ ಹಿಡಿದ ಬತ್ತಿ ವಾಲುತ್ತಿದೆ, ಅದರ ಬುಡದಲ್ಲಿ ಮಗಳ ಪುಟ್ಟ ಬೆರಳುಗಳು, ಮೇಲೆ ನನ್ನವು, ಬಿಸಿ ಮೇಣದ ಹನಿ, ಸುಡುತ್ತದೆ, ಬಿಡುವುದಿಲ್ಲ, ನನ್ನ ಬೆರಳ ಮೇಲೆಯೇ ಬೀಳಲಿ, ಅವಳ ಮೇಲೆ ಬೇಡ, ಬೆಳ್ಳಗೆ ಹೆಪ್ಪುಗಟ್ಟುತ್ತದೆ, ಇನ್ನೊಂದು ಹನಿ, ನನ್ನ ಬೆರಳ ಮೇಲೆ, ಇನ್ನೊಂದು